ಬಿಚ್ಚಿ ಕಟ್ಟಿದ ಎಂಜಿನ್ನು

ಏರುರಸ್ತೆಯ ಅರ್ಧಕ್ಕೆ ವ್ಯಾನು ನಿಂತಾಗ ಅದರ ಹೊಟ್ಟೆ ತುಂಬ ಆಸ್ಪತ್ರೆಯ ಹಾಸುಬಟ್ಟೆಗಳಿದ್ದವು. ಒಗೆದು, ಇಸ್ತ್ರಿ ಹಾಕಿ, ವಾರ್ಡಿಗೊಂದರಂತೆ ಗಂಟು ಕಟ್ಟಿಟ್ಟವು. ಸ್ಟಿಯರಿಂಗ್ ಹಿಡಿದು ಕೂತಿದ್ದ ಅಕ್ಕ ಗಾಬರಿಯಾಗಲಿಲ್ಲ. ಕೈಬ್ರೇಕು ಎಳೆದಳು, ಇಳಿದು ಹಿಂಚಕ್ರಕ್ಕೆ ಕಲ್ಲು ಕೊಟ್ಟಳು, ಹಿಂದೆ ಹಾರನ್ನು ಒತ್ತುತ್ತಿದ್ದ ಬಸ್ಸಿಗೆ ಪಕ್ಕದಿಂದ ಹೋಗೆಂದು ಕೈ ಬೀಸಿದಳು. ಆಮೇಲೆ ಕಿಟಕಿಯ ಬಳಿ ಬಂದು ಒಳಗಿದ್ದ ಚಿಕ್ಕವಳನ್ನು ಕೇಳಿದಳು:

"ಹೊಗೆ ಯಾವ ಬಣ್ಣ ಇತ್ತು, ಕನ್ನಡೀಲಿ ನೋಡಿದ್ಯಾ?"

"ನೀಲಿ. ಹೋದ ವಾರಾನೂ ನೀಲೀನೇ ಇತ್ತು. ಹೇಳಿದ್ರೆ ನೀನು ಆಕಾಶ ಇರಬೇಕು ಅಂದೆ."

"ಈ ಸಲ ಆಕಾಶ ಕಟಕಟ ಅಂತು," ಎಂದಳು ಅಕ್ಕ.

ಅವರಿಬ್ಬರೂ ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ನೋಡಿದವರು ಒಡಹುಟ್ಟಿದವರೆಂದೇ ತಿಳಿಯುತ್ತಿದ್ದರು. ಜಗಳ ಅಷ್ಟು ಸಲೀಸಾಗಿ ನಡೆಯುತ್ತಿತ್ತು. ಮನೆಯ ಹಿಂಭಾಗದಲ್ಲೇ ಅವರ ಲಾಂಡ್ರಿ. ಅಕ್ಕನ ಗಂಡ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅವುಗಳ ಗದ್ದಲದಲ್ಲೇ ಆಯುಸ್ಸು ಕಳೆದು ಅವನ ಕಿವಿ ಅರ್ಧವಾಗಿತ್ತು, ದನಿ ದುಪ್ಪಟ್ಟಾಗಿತ್ತು. ಚಿಕ್ಕವಳ ಗಂಡ, ಅಂದರೆ ಅಕ್ಕನ ಮೈದುನ, ಗಿರಾಕಿಗಳನ್ನೂ ಫೋನನ್ನೂ ಸಂಭಾಳಿಸುತ್ತಿದ್ದ. ಚಿಕ್ಕವಳದು ಇಸ್ತ್ರಿ ಮೇಜು. ವ್ಯಾನು ಅಕ್ಕನದು. ಕಾಗದದ ಮೇಲೆ ಅದು ಇಡೀ ಮನೆಗೆ ಸೇರಿದ್ದರೂ ಕೀಲಿ ಅವಳ ಸೊಂಟ ಬಿಟ್ಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ಖಾಲಿ ಬರುತ್ತಿದ್ದ ತರಕಾರಿ ಲಾರಿಯೊಂದನ್ನು ಅಕ್ಕ ರಸ್ತೆಯ ಮಧ್ಯದಲ್ಲೇ ನಿಂತು ತಡೆದಳು. ಡ್ರೈವರು ಮುಖ ಸಿಂಡರಿಸಿದ.

"ಆಸ್ಪತ್ರೆ ಕಡೆಗಾ ಹೋಗ್ತಿರೋದು?"

"ಅಲ್ಲ."

"ಈಗ ಆ ಕಡೇಗೇ. ಹಾಸಿಗೆ ಮೇಲೆ ರೋಗಿಗಳು ಬರೀ ಮೈಯಲ್ಲಿ ಮಲಗಿದಾರೆ. ನಿಮ್ಮನೇವರೂ ಒಂದಲ್ಲ ಒಂದಿನ ಅಲ್ಲಿ ಮಲಗಬೇಕಾದವರೇ ತಾನೆ?"

ಇದು ಶಾಪವೋ ವಿನಂತಿಯೋ ತಿಳಿಯದೆ ಆತ ಲಾರಿಯ ಹಿಂಬಾಗಿಲು ತೆಗೆದ. ಚಿಕ್ಕವಳು ಗಂಟುಗಳ ಜೊತೆ ಲಾರಿ ಹತ್ತಿ ಹೋದಳು. ಅಕ್ಕ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

ಆ ಮೆಕ್ಯಾನಿಕ್ಕಿಗೆ ಊರಿಟ್ಟ ಹೆಸರು ನೋಡೋಣ. ಗಾಡಿ ಸರಿಹೋಗುತ್ತಾ ಎಂದರೆ ನೋಡೋಣ, ನಾಳೆ ಸಿಗುತ್ತಾ ಎಂದರೆ ನೋಡೋಣ, ಊಟ ಆಯ್ತಾ ಎಂದರೂ ನೋಡೋಣ. ಕೆಲಸ ಮಾತ್ರ ನೆಟ್ಟಗೆ ಮಾಡುತ್ತಿದ್ದ. ವ್ಯಾನನ್ನು ಎಳೆಸಿಕೊಂಡು ತನ್ನ ಶೆಡ್ಡಿಗೆ ತಂದು, ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಒತ್ತಡದ ಮಾಪಕ ಸಿಕ್ಕಿಸಿ ಅಕ್ಕನಿಗೆ ಕೀಲಿ ತಿರುಗಿಸಲು ಹೇಳಿದ. ಎರಡರಲ್ಲಿ ಮುಳ್ಳು ಮೇಲಕ್ಕೆ ಹೋಯಿತು. ಇನ್ನೆರಡರಲ್ಲಿ ಅರ್ಧಕ್ಕೇ ಏದುಸಿರು ಬಿಟ್ಟು ನಿಂತಿತು. ಆ ಎರಡಕ್ಕೂ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ. ಈಗ ಮುಳ್ಳು ಏರಿತು.

"ಎಣ್ಣೆ ಬಿಟ್ರೆ ಸರಿಹೋಯ್ತಲ್ಲ," ಎಂದಳು ಅಕ್ಕ.

"ಅದೇ ತೊಂದರೆ. ಎಣ್ಣೆ ಹೋಗಿ ಸಂದಿ ಮುಚ್ಚಿತು, ಅದಕ್ಕೇ ಏರಿತು. ಅಂದ್ರೆ ಸಂದಿ ಇದೆ ಅಂತ ಆಯ್ತು. ಪಿಸ್ಟನ್ ರಿಂಗೂ ಸವೆದಿದೆ, ಸಿಲಿಂಡರ್ ಗೋಡೇನೂ ಸವೆದಿದೆ. ಕಟಕಟ ಅನ್ನೋದು ಕೆಳಗಡೆ ಬೇರಿಂಗು."

"ಏನು ಮಾಡಬಹುದು?"

"ನೋಡೋಣ."

"ನೋಡಿದ್ದಾಯ್ತಲ್ಲ. ಈಗ ಹೇಳು."

ನೋಡೋಣ ಕೈ ಒರೆಸಿಕೊಂಡು ಹೇಳಿದ. ರಿಂಗು ಬೇರಿಂಗು ಹೊಸದು ಹಾಕಿ ತೇಪೆ ಹಚ್ಚಿದರೆ ಒಂದೆರಡು ವರ್ಷ ತಳ್ಳಬಹುದು. ಎಂಜಿನ್ನು ಪೂರ್ತಿ ಇಳಿಸಿ, ಬಿಚ್ಚಿ, ಸಿಲಿಂಡರು ಕೊರೆಸಿ, ದೊಡ್ಡ ಪಿಸ್ಟನ್ ಹಾಕಿ ಮೊದಲಿಂದ ಕಟ್ಟಿದರೆ ಹತ್ತು ವರ್ಷಕ್ಕೆ ಮೋಸವಿಲ್ಲ. ಆದರೆ ಖರ್ಚೂ ಹೆಚ್ಚು, ದಿನವೂ ಹೆಚ್ಚು. ಗುಜರಿಯಲ್ಲಿ ಇದೇ ಜಾತಿಯ ಎಂಜಿನ್ನು ಸಿಕ್ಕರೆ ಎತ್ತಿ ಕೂರಿಸಬಹುದು; ಬೇಗ ಆಗುತ್ತದೆ, ಅದೃಷ್ಟ ನಿಮ್ಮದು. ಇನ್ನು ಹೊಸ ವ್ಯಾನು ಕೊಳ್ಳುವುದಾದರೆ ತನ್ನನ್ನು ಕೇಳಬೇಕಾದ್ದೇ ಇಲ್ಲ.

ಸಂಜೆಯ ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿತ್ತು. ಲಾಂಡ್ರಿಯ ಉದ್ದ ಕೋಣೆಯಲ್ಲಿ ಲಾಡ್ಜಿನ ದೊಡ್ಡ ಹಾಸುಬಟ್ಟೆಗಳನ್ನು ಮಡಚುತ್ತಿದ್ದರು. ಅದು ಇಬ್ಬರು ಮಾಡುವ ಕೆಲಸ: ಆ ತುದಿ ಒಬ್ಬರು, ಈ ತುದಿ ಒಬ್ಬರು, ಎಳೆದು, ಝಾಡಿಸಿ, ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಅಕ್ಕನೂ ಚಿಕ್ಕವಳೂ ಒಂದು ಜೋಡಿ, ಅಣ್ಣತಮ್ಮಂದಿರು ಇನ್ನೊಂದು ಜೋಡಿ.

"ತೇಪೆ ಹಾಕಿಸಿ ಸಾಕು," ಎಂದ ಅಕ್ಕನ ಗಂಡ, ಇಡೀ ಬೀದಿಗೆ ಕೇಳುವಂತೆ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ನಾವು ಹಾಸಿಗೆ ಬಟ್ಟೆ ಒಗೆಯೋರು ಅಣ್ಣ, ನಮಗೆ ಹಾಸಿಗೆಗೆ ಬರವಾ?" ಎಂದ ಮೈದುನ. ಅವನಿಗೆ ಹೊಸ ವ್ಯಾನು ಬೇಕಿತ್ತು, ಮತ್ತು ಅವನ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಆಸ್ಪತ್ರೆಯವರು ಬೆಳಿಗ್ಗೆ ಬಟ್ಟೆ ಬರಲಿಲ್ಲವೆಂದರೆ ಒಂದು ಸಲ ಸುಮ್ಮನಿರುತ್ತಾರೆ, ಎರಡನೇ ಸಲ ಬೇರೆ ಲಾಂಡ್ರಿ ಹುಡುಕುತ್ತಾರೆ. ಹೊಸ ವ್ಯಾನಿಗೆ ಕಂಪನಿಯ ಭರವಸೆ ಇರುತ್ತದೆ. ಹಳೆಯದು ಇವತ್ತು ಎಂಜಿನ್ನು, ನಾಳೆ ಇನ್ನೊಂದು.

"ಇನ್ನೊಂದು ಯಾವುದು, ಹೇಳು ನೋಡಾಣ," ಎಂದಳು ಅಕ್ಕ, ಬಟ್ಟೆ ಎಳೆಯುತ್ತ. "ಗೇರ್ ಪೆಟ್ಟಿಗೆ ಹೋದ ವರ್ಷ ಮಾಡಿಸಿದ್ದು. ತಳದಲ್ಲಿ ತುಕ್ಕಿಲ್ಲ, ನಾನೇ ಕೆಳಗೆ ಮಲಗಿ ನೋಡಿದೀನಿ. ಒಳಗೆ ಕೋಟು ತೂಗುಹಾಕೋ ಕಂಬಿ ನಮ್ಮ ಅಳತೆಗೆ ಮಾಡಿಸಿದ್ದು. ಈಗ ಬರೋ ವ್ಯಾನುಗಳು ಒಂದು ಮೊಳ ಅಗಲ. ಲಾಡ್ಜಿನ ಹಿಂದಿನ ಓಣೀಲಿ ಹೋಗಲ್ಲ. ಹೋದ್ರೂ ಬಾಗಿಲು ತೆಗೆಯೋಕಾಗಲ್ಲ, ಕಿಟಕಿಯಿಂದ ಗಂಟು ಎಸೀಬೇಕು."

"ಅಂದ್ರೆ ಬಿಚ್ಚಿ ಕಟ್ಟಿಸಬೇಕು ಅಂತೀರಿ."

"ಎಂಜಿನ್ನಿನ ಮೈ, ಆ ಬ್ಲಾಕು, ಬಿರುಕು ಬಿಟ್ಟಿದ್ರೆ ಹೊಸ ವ್ಯಾನು, ನಾನೇ ಬಂದು ಸಹಿ ಹಾಕ್ತೀನಿ. ಬಿರುಕಿಲ್ಲದಿದ್ರೆ ಬಿಚ್ಚಿ ಕಟ್ಟೋದು. ತೇಪೆ ಮಾತ್ರ ಬೇಡ."

ಮೈದುನ ತನ್ನ ತುದಿಯನ್ನು ಒಮ್ಮೆ ಝಾಡಿಸಿದ. ಆಮೇಲೆ, ಮಾತು ನೋಯಿಸಬಾರದೆಂದು ಮೆಲ್ಲಗೆ ಹೇಳಿದ್ದರಿಂದಲೋ ಏನೋ, ಅದು ಇನ್ನಷ್ಟು ನಾಟಿತು: "ಹತ್ತು ವರ್ಷದ ಎಂಜಿನ್ನು ಕಟ್ಟಿಸಿದ್ರೆ ಹತ್ತು ವರ್ಷ ಓಡಿಸೋರು ಯಾರು, ಅತ್ತಿಗೆ? ನಿಮ್ಮ ಎಡ ಮಂಡಿ ಕ್ಲಚ್ಚು ತುಳಿದು ತುಳಿದು ಏನಾಗಿದೆ ಅಂತ ನನಗೆ ಗೊತ್ತಿಲ್ವಾ? ಮೆಟ್ಟಿಲಿಳೀವಾಗ ನೀವು ಗೋಡೆ ಹಿಡ್ಕೊಳ್ತೀರಿ. ಹೊಸ ವ್ಯಾನಿಗೆ ಕ್ಲಚ್ಚೇ ಇರಲ್ಲ."

ಅಕ್ಕ ಬಟ್ಟೆಯ ಅಂಚನ್ನು ಸರಿಮಾಡಿದಳು, ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದಳು.

"ನಾನು ಓಡಿಸ್ತೀನಿ," ಎಂದಳು ಚಿಕ್ಕವಳು.

ಅಣ್ಣತಮ್ಮಂದಿರ ಕೈಯಿಂದ ಹಾಸುಬಟ್ಟೆ ಜಾರಿತು. ಅಕ್ಕನ ಗಂಡನಿಗೆ ಸರಿಯಾಗಿ ಕೇಳಿಸಿರಲಿಲ್ಲ. ತಮ್ಮ ಬಿಟ್ಟನೆಂದು ಅವನೂ ಬಿಟ್ಟಿದ್ದ.

"ನೀನಾ?" ಎಂದ ಚಿಕ್ಕವಳ ಗಂಡ.

"ನಾನೇ. ಲೈಸೆನ್ಸು ಇಸ್ಕೊಂಡು ಎಷ್ಟು ಕಾಲ ಆಯ್ತು. ಪೆಟ್ಟಿಗೇಲಿ ಮದುವೆ ಸೀರೆ ಜೊತೆ ಮಲಗಿದೆ. ಅಕ್ಕ ಒಂದಿನಾನೂ ಕೀಲಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳ್ತಿದೀನಿ. ಎಂಜಿನ್ನು ಕಟ್ಟಿಸಿದ್ರೆ ವಾರದಲ್ಲಿ ಅರ್ಧ ನನಗೆ. ಆಮೇಲೆ ಅವಳ ಮಂಡಿ ಸಾಕು ಅಂದಾಗ ಪೂರ್ತಿ ನನಗೆ. ಇಲ್ಲಾಂದ್ರೆ ಇವರು ಹೇಳಿದ್ದೇ ಸರಿ, ಹೊಸದು ತಗೊಳ್ಳಿ. ಒಬ್ಬರ ಹಟಕ್ಕೆ ಎಂಜಿನ್ನು ಕಟ್ಟಿಸೋದು ಬೇಡ."

"ಬೆರಳು ತೋರಿಸಿದ್ರೆ ಹಸ್ತ ನುಂಗ್ತಾಳೆ," ಎಂದಳು ಅಕ್ಕ.

"ಬೆರಳು ಎಲ್ಲಿ ತೋರಿಸಿದೆ ನೀನು?"

ಬಿದ್ದ ಬಟ್ಟೆ ಮತ್ತೆ ಒಗೆಯಲು ಹೋಯಿತು. ಅಕ್ಕ ನಾಳೆ ಹೇಳುತ್ತೇನೆಂದಳು. ಮೀನ ಮೇಷ ಎಣಿಸುವುದು ಅವಳ ಜಾಯಮಾನವಾಗಿರಲಿಲ್ಲ, ಆದ್ದರಿಂದ ನಾಳೆಯವರೆಗೆ ಕಾಯಲು ಎಲ್ಲರೂ ಒಪ್ಪಿದರು.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಶೆಡ್ಡಿಗೆ ಹೋದಳು. ವ್ಯಾನು ಮೂತಿ ತೆರೆದುಕೊಂಡು ನಿಂತಿತ್ತು. ಅವಳು ಹತ್ತಿ ತನ್ನ ಜಾಗದಲ್ಲಿ ಕೂತಳು. ಸೀಟಿನ ಸ್ಪಂಜು ಅವಳ ಮೈಯ ಅಚ್ಚು ತೆಗೆದುಕೊಂಡಿತ್ತು. ಗೇರಿನ ಗುಂಡಿಯ ಮೇಲಿನ ಅಂಕಿಗಳು ಅವಳ ಅಂಗೈಗೆ ಉಜ್ಜಿ ಅಳಿಸಿಹೋಗಿದ್ದವು. ಈ ಸೀಟಿನಲ್ಲಿ ಅವಳನ್ನು ಯಾರೂ ಸೊಸೆ ಅನ್ನುತ್ತಿರಲಿಲ್ಲ, ಅತ್ತಿಗೆ ಅನ್ನುತ್ತಿರಲಿಲ್ಲ, ಒಲೆಯ ಮೇಲೆ ಹಾಲಿಟ್ಟಿದ್ದೀಯಾ ಎಂದು ಕೇಳುತ್ತಿರಲಿಲ್ಲ. ಮೂಲೆಯಂಗಡಿಯವನಿಂದ ಹಿಡಿದು ಆಸ್ಪತ್ರೆಯ ಕಾವಲುಗಾರನವರೆಗೆ ಎಲ್ಲರೂ ಅವಳಿಗೆ ದಾರಿ ಬಿಡುತ್ತಿದ್ದರು. ಹಾಗಾದರೆ ತಾನು ಲೆಕ್ಕ ಹಾಕಿದ್ದು ವ್ಯಾನಿಗಾಗಿಯೋ ಈ ಸೀಟಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡಳು. ತುಕ್ಕಿಲ್ಲದ ತಳ, ಗೇರ್ ಪೆಟ್ಟಿಗೆ, ಓಣಿಯ ಅಗಲ, ಇವೆಲ್ಲ ನಿಜ. ಸೀಟೂ ನಿಜ. ಎರಡೂ ನಿಜವಾಗಿರಬಹುದು ಎನ್ನಿಸಿತು. ಆದರೆ ಚಿಕ್ಕವಳೂ ಆ ಮನೆಯ ಸೊಸೆಯೇ, ಅವಳ ಒಲೆಯ ಮೇಲೂ ಹಾಲಿರುತ್ತದೆ. ಅವಳಿಗೆ ಇಂಥದೊಂದು ಸೀಟು ಬೇಕೆನ್ನಿಸಿದ್ದರೆ ಅದನ್ನು ಅರ್ಥ ಮಾಡಿಕೊಳ್ಳಬೇಕಾದವಳು ಮೊದಲು ತಾನೇ.

ಇಳಿದು ಬಂದು ನೋಡೋಣನಿಗೆ ಹೇಳಿದಳು: "ಎಂಜಿನ್ನು ಇಳಿಸು. ಬ್ಲಾಕು ಚೆನ್ನಾಗಿದ್ರೆ ಕಟ್ಟೋದೇ. ಓಡಿಸೋಕೆ ಇಬ್ಬರಿದೀವಿ."

ಹಾಗಿದ್ದರೂ ಮೈದುನನ ಸಮಾಧಾನಕ್ಕೆ ಗುಜರಿಯ ಎಂಜಿನ್ನನ್ನೂ ಒಮ್ಮೆ ನೋಡುವುದೆಂದಾಯಿತು. ಊರಾಚೆಯ ಆ ಅಂಗಳದಲ್ಲಿ ಬಾಗಿಲುಗಳ ರಾಶಿ ಒಂದು ಕಡೆ, ಬಂಪರುಗಳ ರಾಶಿ ಒಂದು ಕಡೆ, ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ವ್ಯಾಪಾರಿ. ಅವನು ತೋರಿಸಿದ ಎಂಜಿನ್ನು ಮದುಮಗನಂತೆ ಮಿರಿಮಿರಿ ಮಿಂಚುತ್ತಿತ್ತು. ಮೈಯೆಲ್ಲ ಬೆಳ್ಳಿಬಣ್ಣ ಬಳಿದಿದ್ದ.

"ಒಬ್ಬರೇ ಓಡಿಸಿದ್ದು. ಬರೀ ಪೇಟೆಗೆ ಹೋಗಿ ಬಂದ ಗಾಡಿ," ಎಂದ.

"ಪೇಟೇಲಿ ಏನು ಮಾಡ್ತಿತ್ತೋ ಯಾರಿಗೆ ಗೊತ್ತು," ಎಂದಳು ಚಿಕ್ಕವಳು.

ನೋಡೋಣ ಎಣ್ಣೆಯ ಕಡ್ಡಿ ಎಳೆದು ಒರೆಸಲು ಬಟ್ಟೆ ಹುಡುಕಿದ. ಚಿಕ್ಕವಳು ತನ್ನ ಚೀಲದಿಂದ ಬಿಳಿ ತುಂಡೊಂದು ಕೊಟ್ಟಳು. ಕಡ್ಡಿ ಒರೆಸಿದಲ್ಲಿ ಕಲೆ ಕಪ್ಪಾಗಿರಲಿಲ್ಲ; ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿತ್ತು. ಎಣ್ಣೆಯಲ್ಲಿ ನೀರು ಬೆರೆತರೆ ಆಗುವುದೇ ಹಾಗೆ. ನೋಡೋಣ ಬಟ್ಟೆಯನ್ನು ಮೈದುನನ ಕೈಗಿತ್ತ. ಮೈದುನ ಅದನ್ನು ಮೂಸಿದ, ಬೆಳಕಿಗೆ ಹಿಡಿದ, ಕೊನೆಗೆ ತಾನೇ ಹೇಳಿದ:

"ಇದು ನೀರಲ್ಲಿ ಮುಳುಗೆದ್ದಿರೋ ಎಂಜಿನ್ನು."

"ಸ್ವಲ್ಪ ನೆಂದಿರಬಹುದು," ಎಂದ ವ್ಯಾಪಾರಿ.

"ಹೊರಗೆ ಥಳಕು, ಒಳಗೆ ಹುಳುಕು," ಎಂದಳು ಅಕ್ಕ, ಕೋಪವಿಲ್ಲದೆ. ಬರುವ ದಾರಿಯಲ್ಲಿ ಚಿಕ್ಕವಳು, "ಕೊನೆಗೂ ಹಳೇ ಗಂಡನ ಪಾದವೇ ಗತಿ ಅನ್ನು," ಎಂದಳು. ಮೈದುನ ಕೂಡ ನಕ್ಕ. ಆದರೆ ಬ್ಲಾಕಿನ ಪರೀಕ್ಷೆಗೆ ತಾನೂ ಬರುವೆನೆಂದು ಹೇಳಿದ. ಸೋತರೂ ಕಣ್ಣಾರೆ ನೋಡಿ ಸೋಲಬೇಕೆಂಬುದು ಅವನ ಧೋರಣೆ, ಅದು ಅಕ್ಕನಿಗೂ ಒಪ್ಪಿಗೆಯಾಯಿತು.

ಎಂಜಿನ್ನನ್ನು ಬಿಚ್ಚಿ ಭಾಗಗಳನ್ನು ತೊಳೆದು ಸಿಲಿಂಡರು ಕೊರೆಯುವ ಲೇತಿನವನ ಅಂಗಡಿಗೆ ಒಯ್ದಿದ್ದರು. ಅಲ್ಲಿ ನಾಲ್ವರೂ ಸುತ್ತ ನಿಂತರು. ಯಂತ್ರಗಳನ್ನು ಅರ್ಧ ದಿನ ನಿಲ್ಲಿಸಿ ಅಕ್ಕನ ಗಂಡನೂ ಬಂದಿದ್ದ. ಲೇತಿನವನು ಬ್ಲಾಕಿನ ಮೇಲೆ ಕೆಂಪು ದ್ರವ ಬಳಿದು, ನೆನೆಯಲು ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಒಸರುತ್ತದೆ. ಬಿಳಿ ಬಟ್ಟೆಯ ಮೇಲೆ ಕಲೆ ಹುಡುಕುವುದು ಆ ಮನೆಯವರ ಕಸುಬೇ. ನಾಲ್ಕು ತಲೆಗಳೂ ಬ್ಲಾಕಿನ ಮೇಲೆ ಬಾಗಿದವು. ಲೇತಿನವನಿಗೆ ತನ್ನ ಕೆಲಸ ತನಗೇ ಕಾಣದಾಯಿತು.

ಬಿಳಿ ಬಿಳಿಯಾಗೇ ಉಳಿಯಿತು. ಅಕ್ಕ ನೆಟ್ಟಗೆ ನಿಂತಳು.

ಆಮೇಲೆ ಎಂಜಿನ್ನಿನ ತಲೆಗೆ, ಅಂದರೆ ಬ್ಲಾಕಿನ ಮೇಲೆ ಕೂರುವ ಹೆಡ್ಡಿಗೆ, ಅದೇ ಪರೀಕ್ಷೆ. ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಕೆಂಪು ಮೂಡಿತು.

"ಬಿರುಕು ಅಂದಿದ್ರಲ್ಲ, ಇಲ್ಲಿದೆ ನೋಡಿ," ಎಂದ ಮೈದುನ. ಗೆದ್ದ ದನಿಯಲ್ಲ, ನಿಯತ್ತಿನ ದನಿ.

"ಬ್ಲಾಕು ಅಂದಿದ್ದೆ. ತಲೆ ಅಂದಿರಲಿಲ್ಲ. ತಲೆ ಬೇರೆ ಸಿಗುತ್ತೆ."

"ತಲೆ ಬದಲಾಯಿಸೋಕೆ ಬರುತ್ತೆ ಅಂತ ಮೊದಲೇ ಗೊತ್ತಿದ್ರೆ," ಎಂದಳು ಚಿಕ್ಕವಳು, "ನಮ್ಮನೇಲಿ ಇನ್ನೂ ಕೆಲವು ಕೆಲಸ ಇತ್ತು."

"ಯಾರ ತಲೆ?" ಎಂದು ಅಕ್ಕನ ಗಂಡ ಕೂಗಿದ.

ನೋಡೋಣ ಗುಜರಿಗೆ ಮತ್ತೆ ಹೋಗಿ ಅದೇ ಬೆಳ್ಳಿಬಣ್ಣದ ಎಂಜಿನ್ನಿನ ತಲೆಯನ್ನು ಮಾತ್ರ ಬಿಚ್ಚಿಸಿ ತಂದ. ಅದನ್ನೂ ಕೆಂಪು ಬಳಿದು ನೋಡಿದರು. ಗೆರೆ ಬರಲಿಲ್ಲ. ಮೈದುನ ತಾನೇ ಲೇತಿನವನಿಗೆ, "ಹಂಗಾದ್ರೆ ಕೊರೀರಿ," ಎಂದ. ಅಲ್ಲಿಗೆ ತೀರ್ಮಾನ ಮನೆಯದಾಯಿತು.

ಕೆಲಸ ಮುಗಿಯುವವರೆಗೆ ಬಾಡಿಗೆಗೆ ತಮ್ಮದರಷ್ಟೇ ಅಗಲದ ಒಂದು ಹಳೇ ವ್ಯಾನು ತಂದರು. ಅದರ ಬಾಗಿಲು ಹಾಕಿದರೆ ತೆರೆಯುತ್ತಿತ್ತು, ತೆರೆದರೆ ಹಾಕಲು ಬರುತ್ತಿರಲಿಲ್ಲ. ಮೊದಲ ದಿನ ಅಕ್ಕ ಕೀಲಿಯನ್ನು ಚಿಕ್ಕವಳ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅವಳು ಆ ಕಡೆ ಕೂತದ್ದು ಅದೇ ಮೊದಲು. ವ್ಯಾನು ತೀರ ಎಡಕ್ಕೆ ಹೋದಂತೆಯೂ ಮರಗಳು ಮೈಮೇಲೆ ಏರಿದಂತೆಯೂ ಅನ್ನಿಸಿತು. ಬ್ರೇಕಿಲ್ಲದ ಜಾಗದಲ್ಲಿ ಬಲಗಾಲು ಒತ್ತಿ ಒತ್ತಿ ನೋವು ಬಂತು.

"ಗೇರು ಹಾಕು."

"ಹಾಕಿದೀನಿ."

"ಎರಡನೇದು ಹಾಕು."

"ಅಕ್ಕ, ನಾನು ಇಸ್ತ್ರಿ ಮಾಡೋವಾಗ ನೀನು ಬಂದು ಕಾಲರು ತಿರುಗಿಸು ಅಂತೀಯಾ?"

ಅಕ್ಕ ಬಾಯಿ ಮುಚ್ಚಿಕೊಂಡಳು. ಮುಂದಿನ ತಿರುವಿನವರೆಗೆ.

ಚಿಕ್ಕವಳು ನಿಧಾನ, ಆದರೆ ಹೆದರುವವಳಲ್ಲ. ದಾರಿಯ ಗುಂಡಿಗಳನ್ನು ಬಟ್ಟೆಯ ಸುಕ್ಕು ಕಂಡಂತೆ ದೂರದಿಂದಲೇ ಕಂಡುಹಿಡಿಯುತ್ತಿದ್ದಳು. ಲಾಡ್ಜಿನ ಹಿಂದಿನ ಓಣಿಯಲ್ಲಿ ಮಾತ್ರ ಒಂದು ದಿನ ಕೈಕೊಟ್ಟಿತು. ಹಿಮ್ಮುಖವಾಗಿ ಒಳಗೆ ಹೋಗುವಾಗ ನೀರಿನ ಕೊಳವೆಗೆ ವ್ಯಾನಿನ ಪಕ್ಕೆ ಉಜ್ಜಿ ಉದ್ದಕ್ಕೆ ಗೀರು ಬಿತ್ತು. ಲಾಡ್ಜಿನ ಅಡುಗೆಯವನು ಬಾಗಿಲಿಗೆ ಬಂದು ನಿಂತು ನೋಡಿದ.

ಚಿಕ್ಕವಳು ಇಳಿದು ಗೀರಿನ ಮೇಲೆ ಬೆರಳಾಡಿಸಿದಳು. ಮುಖ ಕೆಂಪಾಗಿತ್ತು. ಅಕ್ಕ ಸೀಟು ಬದಲಾಯಿಸಲು ಎಂದು ಬಾಗಿಲಿನ ಮೇಲೆ ಕೈಯಿಟ್ಟಳು, ಮತ್ತೆ ತೆಗೆದಳು.

"ನಾನೂ ಇದೇ ಕೊಳವೆಗೆ ಹೊಡೆದಿದ್ದೆ," ಎಂದಳು. "ಆಗ ಅದು ನೆಟ್ಟಗಿತ್ತು. ಈಗ ಅದು ಬಗ್ಗಿರೋದು ನನ್ನಿಂದಾನೇ. ಮುಂದೆ ತಗೊಂಡು ಇನ್ನೊಂದು ಸಲ ಬಾ."

"ನೀನು ಹೇಳಿರಲಿಲ್ಲ."

"ಕೊಳವೆ ಹೇಳ್ತಿತ್ತಲ್ಲ."

ಚಿಕ್ಕವಳು ಮುಂದೆ ತೆಗೆದುಕೊಂಡು ಇನ್ನೊಂದು ಸಲ ಬಂದಳು. ಈ ಸಲ ಎರಡೂ ಕಡೆ ಅಂಗೈಯಷ್ಟು ಜಾಗ ಉಳಿಯಿತು. ಅಡುಗೆಯವನು ಒಳಗೆ ಹೋದ, ನೋಡಲು ಇನ್ನೇನೂ ಇರಲಿಲ್ಲ. ವ್ಯಾನಿನ ಮಾಲೀಕನಿಗೆ ಗೀರಿನ ವಿಷಯ ಚಿಕ್ಕವಳೇ ಹೇಳಿ ಬಣ್ಣ ಹಾಕಿಸಿಕೊಟ್ಟಳು. ಅವನು ಗೀರಿಗಿಂತ ಹೆಚ್ಚಾಗಿ ಅವಳು ತಾನಾಗಿ ಹೇಳಿದ್ದಕ್ಕೆ ಬೆರಗಾದ.

ಎಂಜಿನ್ನು ಕಟ್ಟುವ ದಿನ ಇಬ್ಬರನ್ನೂ ಬರಲು ಹೇಳಿದ್ದ ನೋಡೋಣ. ಹೇಳದಿದ್ದರೂ ಬರುತ್ತಿದ್ದರು. ತೊಳೆದ ಬ್ಲಾಕಿನ ಸಿಲಿಂಡರುಗಳ ಒಳಗೋಡೆಯಲ್ಲಿ ನೇಯ್ಗೆಯಂತೆ ಅಡ್ಡಡ್ಡ ಗೆರೆಗಳು. ಎಣ್ಣೆ ನಿಲ್ಲಲೆಂದು ಬೇಕೆಂದೇ ಹಾಗೆ ಗೀರಿರುತ್ತಾರೆ. ಚಿಕ್ಕವಳು ಬೆರಳಿಟ್ಟು, "ಒಳ್ಳೇ ಬಟ್ಟೆ ಇದ್ದಂಗಿದೆ," ಎಂದಳು. ಉಜ್ಜಿ ನುಣುಪಾಗಿಸಿದ ಕ್ರ್ಯಾಂಕು, ಪಿಸ್ಟನ್ನುಗಳು ತಿರುಗಿಸುವ ದಪ್ಪ ದಂಡ, ಎಣ್ಣೆ ಸವರಿದ ಬೇರಿಂಗುಗಳ ಮೇಲೆ ಕೂತಿತು. ನೋಡೋಣ ಅದನ್ನು ಒಂದೇ ಬೆರಳಿಂದ ತಳ್ಳಿದ. ಅಷ್ಟು ಭಾರದ ಕಬ್ಬಿಣ ಸದ್ದಿಲ್ಲದೆ ಒಂದು ಸುತ್ತು ಬಂದು ನಿಂತಿತು. ಅಕ್ಕ ತಾನೂ ತಳ್ಳಿ ನೋಡಿದಳು. ಮತ್ತೊಮ್ಮೆ ತಳ್ಳಿದಳು.

"ಸಾಕು, ಆಟಿಕೆ ಅಲ್ಲ," ಎಂದ ನೋಡೋಣ.

ಬೋಲ್ಟುಗಳನ್ನು ಬಿಗಿಯುವಾಗ ಅಳತೆಯ ಸ್ಪ್ಯಾನರು ಹಿಡಿದ. ಬಿಗಿ ಸಾಕಾದಾಗ ಅದು ಟಕ್ಕೆನ್ನುತ್ತದೆ; ಅದಕ್ಕಿಂತ ಒಂದು ಕೂದಲೂ ಮುಂದೆ ಹೋಗಬಾರದು. ಒಂದೆರಡನ್ನು ಅಕ್ಕನಿಗೆ ಬಿಟ್ಟ. ಟಕ್ಕೆಂದ ಮೇಲೂ ಅವಳ ಕೈ ಇನ್ನಷ್ಟು ಎಳೆಯಲು ಹೋಯಿತು. ನೋಡೋಣ ಅವಳ ಮುಂಗೈ ಹಿಡಿದು, "ಸಾಕು ಅಂತ ಅದೇ ಹೇಳ್ತಿದೆ, ಕೇಳಿ," ಎಂದ. ಚಿಕ್ಕವಳ ಸರದಿ ಬಂದಾಗ ಅವಳು ಟಕ್ಕಿಗೆ ಸರಿಯಾಗಿ ನಿಂತಳು.

ಎಂಜಿನ್ನು ವ್ಯಾನಿನೊಳಕ್ಕೆ ಇಳಿಯಿತು. ಕೊಳವೆಗಳು, ತಂತಿಗಳು ತಮ್ಮ ತಮ್ಮ ಜಾಗ ಸೇರಿದವು. ಮೊದಲು ಪ್ಲಗ್ಗಿಲ್ಲದೆ ತಿರುಗಿಸಿ ಎಣ್ಣೆ ಎಲ್ಲ ಕಡೆಗೆ ಹರಿಯುವಂತೆ ಮಾಡಿ, ಆಮೇಲೆ ಪ್ಲಗ್ಗು ಹಾಕಿದ ನೋಡೋಣ. ಅಣ್ಣತಮ್ಮಂದಿರೂ ಅಷ್ಟು ಹೊತ್ತಿಗೆ ಬಂದು ನಿಂತಿದ್ದರು. ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ನು ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಮತ್ತೆ ಕೆಮ್ಮು. ನೋಡೋಣ ಬಾಗಿ ಏನೋ ಅರ್ಧ ಸುತ್ತು ಹೊರಳಿಸಿದ. ಈ ಸಲ ಹೊತ್ತಿಕೊಂಡಿತು. ಅಂಟಿದ್ದ ಎಣ್ಣೆ ಉರಿದು ಒಂದಿಷ್ಟು ಹೊಗೆ ಬಂತು, ಕರಗಿತು. ಉಳಿದದ್ದು ಒಂದೇ ಸಮನೆಯ ಗುಂಯ್ಗುಡುವಿಕೆ.

ಅಕ್ಕನ ಗಂಡ ಬಾನೆಟ್ಟಿನ ಹತ್ತಿರ ಕಿವಿ ತಂದು, "ಹೊತ್ತಿಕೊಳ್ತಾ?" ಎಂದ.

"ಹೊತ್ತಿಕೊಳ್ತು," ಎಂದ ಅವನ ತಮ್ಮ.

"ಮತ್ತೆ ಸದ್ದೇ ಇಲ್ಲ."

"ಅದೇ ಬೇಕಾಗಿದ್ದು."

ನೀರಿನ ಕೊಳವೆಯೊಂದರ ತುದಿಯಲ್ಲಿ ತೊಟ್ಟು ತೊಟ್ಟಾಗಿ ಸೋರುವುದು ಕಂಡಿತು. ಪಟ್ಟಿ ಬಿಗಿದು ನಿಲ್ಲಿಸಿದರು. ಆಮೇಲೆ ನೋಡೋಣ ಕೈ ತೊಳೆದುಕೊಳ್ಳುತ್ತ, ತನ್ನ ಮಟ್ಟಿಗೆ ದೊಡ್ಡ ಭಾಷಣವನ್ನೇ ಮಾಡಿದ.

"ಹೊಸದಾಗಿ ಕಟ್ಟಿದ ಎಂಜಿನ್ನು ಎಳೇ ಕೂಸು. ಮೊದಲ ಸಾವಿರ ಕಿಲೋಮೀಟರು ರಿಂಗುಗಳು ಗೋಡೆಗೆ ಹೊಂದಿಕೊಳ್ಳೋವರೆಗೂ ಮೆಲ್ಲಗೆ ಓಡಿಸಬೇಕು. ಗೇರು ಬದಲಾಯಿಸ್ತಾ ಇರಬೇಕು, ಭಾರ ಕಮ್ಮಿ ಹಾಕಬೇಕು, ಒದ್ದು ಓಡಿಸಬಾರದು. ಕಾಲು ಹಗುರ ಇರೋರು ಓಡಿಸಿದ್ರೆ ಒಳ್ಳೇದು."

ಅಕ್ಕನ ಕಾಲಿನ ಭಾರ ಊರಿಗೇ ಗೊತ್ತಿತ್ತು. ಹಸಿರು ದೀಪ ಕಂಡರೆ ಅವಳ ವ್ಯಾನು ನೆಗೆಯುವುದನ್ನು ನೋಡಿ ಆಸ್ಪತ್ರೆಯ ಕಾವಲುಗಾರನು ಗೇಟನ್ನು ಮೊದಲೇ ತೆಗೆದಿಡುತ್ತಿದ್ದ. ಮೈದುನ ಶೆಡ್ಡಿನ ಸೂರಿನ ಕಡೆ ನೋಡಿದ. ಅಕ್ಕನ ಗಂಡ ಈ ಸಲ ಎಲ್ಲವನ್ನೂ ಸರಿಯಾಗಿ ಕೇಳಿಸಿಕೊಂಡಿದ್ದ, ಆದರೂ ಕೇಳಿಸದವನಂತಿದ್ದ.

ಅಕ್ಕ ಸೀಟಿನಿಂದ ಇಳಿದಳು. ಮಂಡಿ ನೋಯಿತು, ಬಾಗಿಲು ಹಿಡಿದು ಇಳಿದಳು, ಅದನ್ನು ಮುಚ್ಚಿಡಲಿಲ್ಲ.

"ಸಾವಿರ ಕಿಲೋಮೀಟರು ನಿಂದು," ಎಂದಳು ಚಿಕ್ಕವಳಿಗೆ. "ಸಾವಿರದ ಒಂದನೇದು ನಂದು."

"ವಾರದಲ್ಲಿ ಅರ್ಧ ಅಂತ ಮಾತಾಗಿದೆ."

"ಅದು ಸಾವಿರ ಆದಮೇಲೆ. ಹತ್ತು."

ಚಿಕ್ಕವಳು ಹತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಅದು ಎಷ್ಟೋ ವರ್ಷಗಳಿಂದ ಒಂದೇ ಕಡೆ ನಿಂತದ್ದು, ಮೊದಲು ಮಿಸುಕಲಿಲ್ಲ. ಮೈದುನ ಹಿಂದಿನಿಂದ ತಳ್ಳಿದ ಮೇಲೆ ಕಿರಿಚುತ್ತ ಬಂತು.

ಚಿಕ್ಕವಳು ರಸ್ತೆಗಿಳಿದರೆ ಇಸ್ತ್ರಿ ಮೇಜಿಗೆ ಯಾರಾದರೂ ಬೇಕಲ್ಲ. ಆ ಕೆಲಸ ಅಕ್ಕನ ಪಾಲಿಗೆ ಬಂತು. ಕೂತು ಮಾಡಲೆಂದು ಎತ್ತರದ ಸ್ಟೂಲು ಹಾಕಿಕೊಟ್ಟರು, ಮಂಡಿಗೆ ಅದು ಹಿತವಾಯಿತು. ಕೈಗೆ ಹಿತವಾಗಲಿಲ್ಲ. ಮೊದಲ ದಿನವೇ ವಕೀಲರೊಬ್ಬರ ಪ್ಯಾಂಟಿಗೆ ಒಂದೇ ಕಾಲಿನಲ್ಲಿ ಎರಡು ಗೆರೆ ಬಿದ್ದವು. ಮೈದುನ ಅದನ್ನು ಎತ್ತಿ ಹಿಡಿದು, "ಇದು ಯಾವ ದಾರಿಗೆ ಹೋಗುತ್ತೆ ಅತ್ತಿಗೆ?" ಎಂದು ಕೇಳಿದ. ಅಕ್ಕ ಅದನ್ನು ಕಿತ್ತುಕೊಂಡು ಮತ್ತೆ ನೀರು ಚಿಮುಕಿಸಿದಳು. ಬರಬರುತ್ತ ಅಂಗಿಗಳು ಒಲಿದವು. ಮೊದಲು ಕಾಲರು, ಆಮೇಲೆ ಹೆಗಲು, ತೋಳು, ಕೊನೆಗೆ ಬೆನ್ನು ಎಂದು ಚಿಕ್ಕವಳು ಹೇಳಿಕೊಟ್ಟ ಕ್ರಮವನ್ನು ಅವಳು ಎದುರು ಮಾತಿಲ್ಲದೆ ಪಾಲಿಸಿದಳು. ಒತ್ತಿ ತಿಕ್ಕದೆ, ಬಿಸಿಯೇ ಕೆಲಸ ಮಾಡಲು ಬಿಡಬೇಕೆಂಬುದನ್ನು ಕಲಿಯಲು ಮಾತ್ರ ಸ್ವಲ್ಪ ಕಾಲ ಹಿಡಿಯಿತು.

ಆಸ್ಪತ್ರೆಯವರು ಬೇರೆ ಲಾಂಡ್ರಿ ಹುಡುಕಲಿಲ್ಲ. ಒಂದೆರಡು ದಿನ ಕಾವಲುಗಾರ, ಅಮ್ಮ ಎಲ್ಲಿ ಎಂದು ಕೇಳಿದನಂತೆ. ಚಿಕ್ಕವಳು, ನಾನೂ ಅಮ್ಮನೇ, ಗೇಟು ತೆಗಿ ಎಂದಳಂತೆ.

ಒಂದು ಬೆಳಿಗ್ಗೆ ಅಕ್ಕ ಮೇಜಿನ ಮುಂದೆ ಕೂತು ಬಿಳಿ ಅಂಗಿಯೊಂದರ ತೋಳು ಹರಡಿಕೊಂಡಿದ್ದಳು. ಅಂಗಳದಲ್ಲಿ ಮೈದುನ ಕೊನೆಯ ಗಂಟನ್ನು ಒಳಗಿಟ್ಟು ಹಿಂಬಾಗಿಲು ತಟ್ಟಿದ. ವ್ಯಾನು ಹೊರಟಿತು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಕಿವಿಗೊಟ್ಟಳು. ಗೇಟು ದಾಟುವಾಗ ಮೊದಲನೇ ಗೇರು. ಬೀದಿಯ ತಿರುವಿನಲ್ಲಿ ಎರಡನೆಯದು, ಬೆಣ್ಣೆಯ ಹಾಗೆ. ಅಂಗಡಿಗಳ ಸಾಲು ಮುಗಿಯುವ ಮೊದಲೇ ಮೂರನೆಯದು ಬಿತ್ತು, ಕೊಂಚ ಬೇಗ. ತಾನಾಗಿದ್ದರೆ ಆ ಮೂಲೆ ದಾಟುವವರೆಗೂ ಎರಡರಲ್ಲೇ ಎಳೆಯುತ್ತಿದ್ದಳು. ಎಂಜಿನ್ನು ಮಾತ್ರ ಮುಲುಗಲಿಲ್ಲ, ಹಗುರವಾಗಿ ಎತ್ತಿಕೊಂಡು ಹೋಯಿತು.

"ಇರಲಿ," ಎಂದುಕೊಂಡು ಅವಳು ಪೆಟ್ಟಿಗೆಯನ್ನು ಅಂಗಿಯ ತೋಳಿನ ಮೇಲೆ ಇಳಿಸಿದಳು.